ಹಿತ್ತಿಲ ಬಾಗಿಲಿಗೆ ದೋಣಿ

"ಬುರುಡೆ! ಬರೀ ಬುರುಡೆ!"

ಎಲ್ಲರೂ ಕಡ್ಡಿ ಎಂದು ಕರೆಯುವ ಉದ್ದನೆಯ ಹುಡುಗ ಬೆಂಚು ಹತ್ತಿ, ಗುಬ್ಬಿ ಬರೆದ ಚಿತ್ರವನ್ನು ಇಡೀ ಕ್ಲಾಸಿಗೆ ತೋರಿಸಿದ. ಹಿಂದಿನ ಕಾಲದ ನಮ್ಮೂರ ಕೆರೆಯನ್ನು ಬರೆಯಿರಿ ಎಂದಿದ್ದರು ಮಿಸ್. ಗುಬ್ಬಿ ತನ್ನ ಮನೆಯ ಹಿತ್ತಿಲ ಗೋಡೆಗೇ ಒಂದು ದೋಣಿ ಕಟ್ಟಿದ್ದಳು.

"ಕೆರೆ ಎಲ್ಲೋ, ಇವಳ ಮನೆ ಎಲ್ಲೋ! ನಡುವೆ ಬಸ್ ಸ್ಟಾಪ್ ಇದೆ. ದೋಣಿ ಟಿಕೆಟ್ ತಗೊಂಡು ಬರ್ತಿತ್ತೇನೇ?"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

"ನಮ್ಮಜ್ಜಿ ಹೇಳಿದ್ದು!"

"ಹಾಗಾದ್ರೆ ನಿಮ್ಮಜ್ಜೀದೂ ಬುರುಡೆ!"

ಮಿಸ್ ಅವನನ್ನು ಗದರಿ ಕೂರಿಸಿದರು. ಆಮೇಲೆ ಮೆಲ್ಲಗೆ, "ಬೇಕಾದ್ರೆ ನಾಳೆ ಬೇರೆ ಬರ್ಕೊಂಡು ಬಾ ಪುಟ್ಟಾ" ಎಂದರು. ಅಂದರೆ ಮಿಸ್ ಕೂಡ ನಂಬಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

"ಅಜ್ಜೀ, ನಿಜ ಹೇಳು. ಬಟ್ಟೆ ಒಣಗಿಸೋ ಹಗ್ಗ ಕಟ್ಟಿದೀಯಲ್ಲ, ಹಿತ್ತಿಲ ಗೋಡೇಲಿರೋ ಆ ಕಬ್ಬಿಣದ ಬಳೆಗೆ ದೋಣಿ ಕಟ್ತಿದ್ರಾ?"

ಅಜ್ಜಿ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. "ಮತ್ತೇನು, ಆನೆ ಕಟ್ತಿದ್ವಾ?"

"ಅಷ್ಟು ನೀರು ಎಲ್ಲಿ ಹೋಯ್ತು?"

"ಕೆರೆಗೆ ಬರೋ ಹಳ್ಳಗಳೇ ನಿಂತವಲ್ಲ. ಒಂದಕ್ಕೆ ಮೇಲ್ಗಡೆ ಒಡ್ಡು ಹಾಕಿದ್ರು, ಇನ್ನೊಂದರ ಮೇಲೆ ರಸ್ತೆ ಬಂತು. ಮಳೆ ಬಿದ್ರೂ ನೀರಿಗೆ ಇಲ್ಲಿಗೆ ದಾರೀನೇ ಇಲ್ಲ."

"ನೀವ್ಯಾರೂ ಜಗಳ ಆಡ್ಲಿಲ್ವಾ?"

"ನೀರು ಒಂದೇ ಸಲಕ್ಕೆ ಹೋಗಿದ್ರೆ ಬಾಯಿ ಬಡ್ಕೋತಿದ್ವಿ ಮಗಾ. ಈ ವರ್ಷ ಒಂದು ಹೆಜ್ಜೆ ಹಿಂದಕ್ಕೆ ಸರೀತು, ಬರೋ ವರ್ಷ ಇನ್ನೊಂದು. ಬಿಂದಿಗೆ ಹಿಡ್ಕೊಂಡು ನಾವೂ ಅದರ ಹಿಂದೆ ಹಿಂದೇನೇ ಹೋದ್ವಿ. ಒಂದು ದಿನ ತಿರುಗಿ ನೋಡಿದ್ರೆ ಮನೇನೇ ಕಾಣಲ್ಲ!"

ಗುಬ್ಬಿ ತಲೆಯಾಡಿಸಿದಳು. ಆದರೆ ಇದನ್ನು ಹೇಳಿದರೆ ಕಡ್ಡಿ ಇನ್ನೊಂದು ಬುರುಡೆ ಎನ್ನುತ್ತಾನೆ. ಚಿತ್ರವನ್ನು ಮುಂದೆ ಹರಡಿಕೊಂಡು, ದೋಣಿ ಅಳಿಸಲು ರಬ್ಬರ್ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಪಟಪಟನೆ ಹನಿ ಬಿತ್ತು.

"ಅಯ್ಯೋ, ಬಟ್ಟೆ!" ಅಜ್ಜಿ ಹಿತ್ತಿಲಿಗೆ ಓಡಿದಳು. ಹೊಸ್ತಿಲ ಬಳಿ ಮಾತ್ರ ತಟ್ಟನೆ ನಿಂತಳು. ಬಾಗಿಲುವಾಡ ಹಿಡಿದು, ಸೀರೆಯನ್ನು ಮೊಣಕಾಲವರೆಗೆ ಎತ್ತಿ, ಬಲಗಾಲನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ಹೆಬ್ಬೆರಳಿನಿಂದ ಏನನ್ನೋ ತಡಕಿದಳು. ನೆಲ ತಾಗಿದ ಮೇಲೇ ಇಳಿದಳು.

ಅಜ್ಜಿ ದಿನವೂ ಇಳಿಯುವುದು ಹೀಗೇ. ಗುಬ್ಬಿ ಅದನ್ನು ಅಣಕಿಸಿ ನಕ್ಕಿದ್ದೂ ಉಂಟು. ಇವತ್ತು ನಗು ಬರಲಿಲ್ಲ.

"ಅಜ್ಜೀ, ಕಾಲಲ್ಲಿ ಏನು ಹುಡುಕ್ತೀಯಾ ಅಲ್ಲಿ?"

"ನಾನಾ? ಏನೂ ಇಲ್ವಲ್ಲೇ! ಬಾ ಬೇಗ, ಬಟ್ಟೆ ಹಿಡ್ಕೋ!"

ಬಟ್ಟೆಯನ್ನೆಲ್ಲ ಒಳಗೆ ಹಾಕಿ ಗುಬ್ಬಿ ಮತ್ತೆ ಚಿತ್ರದ ಮುಂದೆ ಕೂತಳು. ರಬ್ಬರನ್ನು ಡಬ್ಬಿಗೆ ಹಾಕಿದಳು. ದೋಣಿಯ ಪಕ್ಕ ಒಂದು ತೆರೆದ ಬಾಗಿಲು ಬರೆದಳು. ಬಾಗಿಲಿಂದ ಇಳಿಬಿದ್ದ ಒಂದು ಕಾಲು.

ಆಮೇಲೆ, ಹೆಬ್ಬೆರಳು ಮುಳುಗುವಷ್ಟು ನೀಲಿ ಬಳಿದಳು.