ಮುಟ್ಟಿದರೆ ಸುಮ್ಮನಾಗುವ ದನಿ

"ಅಣ್ಣಾ, ತಂತಿ ಬಿಟ್ಟು ಕೇಳು," ಎಂದಳು ತ್ರಿವೇಣಿ.

ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಕುನಾಲ ಬೇಸ್ ಗಿಟಾರಿನ ತಂತಿಗಳಿಂದ ಕೈ ತೆಗೆದ. ಪಕ್ಕದ ಸ್ಪೀಕರ್ ಪೆಟ್ಟಿಗೆಯಿಂದ ದನಿ ಎದ್ದಿತು. ಮ್‌ಮ್‌ಮ್... ಯಾರೋ ಬಾಯಿ ಮುಚ್ಚಿಕೊಂಡು ನರಳಿದ ಹಾಗೆ.

ಅವನು ತಂತಿಗಳ ಮೇಲೆ ಅಂಗೈ ಇಟ್ಟ. ದನಿ ಗಪ್‌ಚುಪ್. ತೆಗೆದ. ಮ್‌ಮ್‌ಮ್...

ಹೊರಗೆ ಏಪ್ರಿಲ್ ತಿಂಗಳ ಮಧ್ಯಾಹ್ನ. ಕಲಬುರಗಿಯ ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಮೂಲೆಗಳು ಕತ್ತಲಾಗಿದ್ದವು. ತ್ರಿವೇಣಿಯ ಮೈ ಜುಮ್ಮೆಂದಿತು.

"ಹೆದರಬ್ಯಾಡ. ಕೇಬಲ್ ಕೆಟ್ಟಿರಬೇಕು," ಅಂದ ಕುನಾಲ. ಅಂದನೇನೋ ನಿಜ, ಅವನ ದನಿಯೂ ಅಷ್ಟೇನು ಗಟ್ಟಿ ಇರಲಿಲ್ಲ ಬಿಡಿ.

ಕಾಲೇಜು ಓದುವ ಕುನಾಲ ಭೀಮಗೀತೆಗಳ ತಂಡದಲ್ಲಿ ಬೇಸ್ ನುಡಿಸುತ್ತಿದ್ದ. ಕಮಲಾಪುರದ ಭೀಮ ಜಯಂತಿ ಕಾರ್ಯಕ್ರಮ ಹತ್ತಿರ ಬಂದಿತ್ತು. ಅವನು ಕೇಬಲ್ ಬದಲಿಸಿದ. ಟ್ಯೂಬ್‌ಲೈಟ್ ಆರಿಸಿದ, ಕೂಲರ್ ಬಂದ್ ಮಾಡಿದ. ಬೆವರು ಸುರಿಯಿತೇ ಹೊರತು ದನಿ ಹೋಗಲಿಲ್ಲ.

ತ್ರಿವೇಣಿಗೆ ಆ ದನಿಯ ಗುರುತು ಸಿಕ್ಕಿತ್ತು. ಅದು ಆಯಿಯದು! ಅಜ್ಜಿ ತುಳಜಾಬಾಯಿಯನ್ನು ಮಕ್ಕಳು ಆಯಿ ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಿದ್ದಳು. ಜೋಳ ಹಸನು ಮಾಡುವಾಗ ಅವಳು ಹೀಗೇ ಗುನುಗುತ್ತಿದ್ದಳು. ಬೆನ್ನು ಮುಟ್ಟಿದರೆ ಸಾಕು, ಸುಮ್ಮನಾಗಿ ತಿರುಗಿ ನೋಡುತ್ತಿದ್ದಳು.

"ಅಣ್ಣಾ, ಇದು ನಮ್ಮ ಆಯಿ," ಎಂದಳು ತ್ರಿವೇಣಿ ಮೆಲ್ಲಗೆ.

"ಏ, ಬಿಡ್ತು ಅನ್ನು!" ಅಡುಗೆಮನೆಯಿಂದ ಅವ್ವ ಓಡಿ ಬಂದಳು. "ಕುನಾಲಾ, ಇದನ್ನ ಮೊದಲು ಸುಧಾಕರಗ ತೋರಿಸ್ಕೊಂಡು ಬಾ."

ಸುಧಾಕರ ಅದೇ ತಂಡದ ಕೀಬೋರ್ಡ್ ಹುಡುಗ, ರಿಪೇರಿ ಬಲ್ಲವನು, ಕಮಲಾಪುರದವನು. ಮರುದಿನ ಅಣ್ಣ ತಂಗಿ ಗಿಟಾರು, ಪೆಟ್ಟಿಗೆ ಎರಡನ್ನೂ ಟೆಂಪೋಗೆ ಹೇರಿಕೊಂಡು ಅವನ ಮನೆಗೆ ಹೋದರು. ಸುಧಾಕರ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ತ್ರಿವೇಣಿ ಉಸಿರು ಬಿಗಿಹಿಡಿದಳು.

ಪೆಟ್ಟಿಗೆ ತುಟಿಪಿಟಕ್ಕೆನ್ನಲಿಲ್ಲ.

"ಎಲ್ಲದಪಾ ನಿನ್ನ ದೆವ್ವ?" ಸುಧಾಕರ ನಕ್ಕ.

ಸಂಜೆ ಮನೆಗೆ ಬಂದರು. ಅದೇ ಗಿಟಾರು, ಅದೇ ಕೇಬಲ್, ಅದೇ ಪೆಟ್ಟಿಗೆ. ಸ್ವಿಚ್ ಹಾಕಿದ್ದೇ ತಡ, ಮ್‌ಮ್‌ಮ್...

ಕುನಾಲ ಮಂಚದ ಮೇಲೆ ಕುಸಿದು ಕೂತ. "ಹಂಗಂದ್ರ ಗಿಟಾರಿನಾಗ ಏನೂ ಇಲ್ಲ," ಎಂದ. "ಏನರ ಇದ್ರ ನಮ್ಮ ಮನ್ಯಾಗೇ ಅದ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳೂ ಕುನಾಲನೂ ಹೊರಗೆ ಹೋಗಿ ಪಿಸುಪಿಸು ಮಾತಾಡತೊಡಗಿದರು.

ಕೋಣೆಯಲ್ಲಿ ತ್ರಿವೇಣಿ, ಆ ದನಿ, ಇಬ್ಬರೇ. ಅವಳಿಗೆ ಹೆದರಿಕೆ ಅಂದರೆ ಹೆದರಿಕೆ. ಆದರೂ ಓಡಿಹೋಗಲು ಮನಸ್ಸಾಗಲಿಲ್ಲ. "ಆಯೀ," ಎಂದು ಕರೆದು, ಬರಿಗಾಲಲ್ಲೇ ನೆಲದ ಮೇಲೆ ನಿಂತು ತಂತಿ ಮುಟ್ಟಿದಳು.

ಬೆರಳಿಗೆ ಚುರ್ ಎಂದಿತು. ಇರುವೆ ಸಾಲು ಕಚ್ಚಿದಂತೆ!

"ಅಣ್ಣಾ! ಆಯಿ ನನ್ನ ಕೈ ಹಿಡದ್ಲು!"

ಕುನಾಲ ಹಾರಿ ಬಂದು ಸ್ವಿಚ್ ಆರಿಸಿ ಪ್ಲಗ್ ಕಿತ್ತ. ಅವನ ಮುಖ ಬಿಳಿಚಿಕೊಂಡಿತ್ತು. ಸುಧಾಕರನಿಗೆ ಫೋನ್ ಮಾಡಿದ.

"ಏ ಮಾರಾಯಾ, ಶಾಕ್ ಅದು!" ಫೋನಿನಲ್ಲಿ ಸುಧಾಕರ ಕೂಗಿದ್ದು ತ್ರಿವೇಣಿಗೂ ಕೇಳಿಸಿತು. "ನಿಮ್ಮ ಮನಿ ಅರ್ಥಿಂಗ್ ಹೋಗ್ಯದ. ದಾರಿ ತಪ್ಪಿದ ಕರೆಂಟ್ ನೆಲಕ್ಕ ಇಳೀಬೇಕಲ್ಲ, ಇಳೀಲಾಕತ್ತಿಲ್ಲ. ದನೀನೂ ಅದರದೇ. ಅರ್ಥಿಂಗ್ ಗುಂಡಿ ನೋಡು."

"ಬ್ಯಾಡ ಅಣ್ಣಾ!" ತ್ರಿವೇಣಿ ಅವನ ಅಂಗಿ ಹಿಡಿದೆಳೆದಳು. "ರಿಪೇರಿ ಮಾಡಿದ್ರ ಆಯಿ ಮತ್ತ ಹೋಗಿಬಿಡ್ತಾಳ."

ಕುನಾಲ ಅವಳ ಕೈ ಹಿಡಿದುಕೊಂಡೇ ಹಿತ್ತಲಿಗೆ ನಡೆದ.

ಅಲ್ಲಿ ಗೋಡೆ ಪಕ್ಕ ನೆಲದಿಂದ ಅರ್ಥಿಂಗ್ ಪೈಪು ಇಣುಕುತ್ತಿತ್ತು. ಸುತ್ತಲ ಮಣ್ಣು ಒಣಗಿ ಬಾಯಿ ಬಿಟ್ಟಿತ್ತು. ಗೋಡೆಯಾಚೆಯಿಂದ ಪಕ್ಕದ ಮನೆಯ ಸನೋಬರ್ ಖಾಲಾ ಇಣುಕಿದರು.

"ಅಲ್ಲಿ ಈಗ ಯಾರೂ ನೀರು ಹಾಕಂಗಿಲ್ಲೇನು? ಬ್ಯಾಸಗಿ ಬಂತಂದ್ರ ನಿಮ್ಮ ಆಯಿ ದಿನಾ ಒಂದು ಕೊಡ ಸುರೀತಿದ್ರು. ಗಿಡಾನೇ ಇಲ್ಲ, ನೀರು ಯಾಕ್ರೀ ಅಂತ ನಾ ಕೇಳೀನಿ. ಅದಕ್ಕ ಅವರಂದ್ರು, ಮಣ್ಣು ಒಣಗಿದ್ರ ಮಕ್ಕಳಿಗೆ ಕರೆಂಟ್ ಹೊಡೀತದಂತ, ವೈರಿಂಗ್ ಮಾಡಿದಾಂವ ಹೇಳಿದ್ನಂತ."

ಅವ್ವ ಅಲ್ಲೇ ನಿಂತಿದ್ದಳು. "ಖಾಲಿ ಮಣ್ಣಿಗೆ ನೀರು ದಂಡ ಮಾಡ್ತಾಳಂತ ನಾನೇ ಬೈದೀನಲ್ಲವ್ವ," ಎಂದವಳೇ ಅತ್ತುಬಿಟ್ಟಳು.

ಕುನಾಲ ಕೊಡ ತುಂಬಿ ತಂದ. ತಂದವನು ಸುರಿಯಲಿಲ್ಲ, ತಂಗಿಯ ಮುಖ ನೋಡಿದ. ತ್ರಿವೇಣಿ ತನ್ನ ಬೆರಳನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮುಷ್ಟಿ ಬಿಚ್ಚಿ, ತಾನೇ ಬಂದು ಕೊಡ ಬಗ್ಗಿಸಿದಳು. ಮಣ್ಣು ಸೊರಸೊರ ಎಂದು ನೀರು ಹೀರಿತು.

ಮರುದಿನ ಎಲೆಕ್ಟ್ರಿಷಿಯನ್ ಬಂದು ವೈರುಗಳನ್ನೆಲ್ಲ ಪರೀಕ್ಷಿಸಿ, ಇನ್ನೇನೂ ಭಯವಿಲ್ಲ ಎಂದು ಹೇಳಿಹೋದ. ಆಮೇಲೆಯೇ ಕುನಾಲ ಸ್ವಿಚ್ ಹಾಕಿದ್ದು.

ದನಿ ಇರಲಿಲ್ಲ. ತ್ರಿವೇಣಿ ಪೆಟ್ಟಿಗೆಗೆ ಕಿವಿ ಹಚ್ಚಿದಳು. ಏನೂ ಇಲ್ಲ. ಅವಳ ಕಣ್ಣು ತುಂಬಿ ಬಂತು.

"ಅಣ್ಣಾ, ಆಯಿ ಇದ್ದಾಗ ಇದು ಹಿಂಗ ಕೂಗ್ತಿತ್ತೇನು?"

"ಇಲ್ಲ. ಹೋದ ಬ್ಯಾಸಗಿ ಪೂರಾ ಇಲ್ಲೇ ಬಾರಿಸೀನಿ. ಒಂದು ದಿನಾನೂ ಕೂಗಿಲ್ಲ. ಹಿಂಗೇ ಸುಮ್ಮನಿತ್ತು."

ತ್ರಿವೇಣಿ ಆ ಮಾತನ್ನೇ ಯೋಚಿಸುತ್ತ ಕೂತಳು. ಕುನಾಲ ನುಡಿಸಲು ಬೆರಳು ಎತ್ತಿದ.

"ತಡಿ ಅಣ್ಣಾ, ಈಗೇ ಬಾರಿಸಬ್ಯಾಡ," ಎಂದಳು ಅವಳು. "ಇನ್ನೊಂದು ಸ್ವಲ್ಪ ಹೊತ್ತು ಆಯಿ ಇದ್ದಾಗಿನಂಗ ಸುಮ್ಮನ ಇರಲಿ."

ಕಣ್ಣು ಒರೆಸಿಕೊಂಡು ಅವಳು ಮತ್ತೆ ಪೆಟ್ಟಿಗೆಗೆ ಕಿವಿ ಹಚ್ಚಿದಳು.