ಮಹಾಬಳೇಶ್ವರ ಮಾಸ್ತರರ ಕಣ್ಣು

"ಅದಕ್ಕ ಕಣ್ಣ ಕೊರೀಬ್ಯಾಡ್ರಿ ಸರ. ಯಾರ ಕಣ್ಣ ನೋಡಿ ಕೊರೀತೀರಿ, ಅವರ ಕಣ್ಣ ಹೋಗತಾವ," ಅಂದಳು ಮಾಲವ್ವ. ಹಳಿಯಾಳದ ಆ ನೂರು ವರ್ಷದ ಶಾಲೆಯ ಚಿತ್ರಶಾಲೆಯಲ್ಲಿ ಮೂವತ್ತು ವರ್ಷದಿಂದ ಧೂಳು ಹೊಡೆಯುತ್ತಿದ್ದವಳು ಅವಳು. ಮಾತಾಡುವಾಗಲೂ ಮಹಾಬಳೇಶ್ವರ ಮಾಸ್ತರರ ಪ್ರತಿಮೆಗೆ ಬೆನ್ನು ಮಾಡಿಯೇ ನಿಂತಿದ್ದಳು.

ಹೊಸ ಡ್ರಾಯಿಂಗ್ ಮಾಸ್ತರ ರುದ್ರೇಶ ನಕ್ಕುಬಿಟ್ಟ. "ಹಂಗಂದ್ರ ನಮ್ಮ ಹೆಡ್‌ಮಾಸ್ತರನ್ನ ಕೂಡ್ರಿಸಿ ಕೊರೀತೇನಿ ಬಿಡು."

ಕೋಣೆಯ ತುಂಬ ಸತ್ತವರೇ. ಗೋಡೆಯ ಮೇಲೆ ಎಣ್ಣೆಬಣ್ಣದ ದಾನಿಗಳು, ಕೆಳಗೆ ಕಟ್ಟೆಗಳ ಮೇಲೆ ಪ್ಲಾಸ್ಟರಿನ ಹಳೆಯ ಹೆಡ್‌ಮಾಸ್ತರರು. ಬಾವಲಿ ಹಿಕ್ಕೆ, ಮುಗ್ಗಿದ ವಾರ್ನಿಶ್, ತೇವದ ಸುಣ್ಣ ಎಲ್ಲ ಕೂಡಿದ ವಾಸನೆ. ಮಹಾಬಳೇಶ್ವರ ಮಾಸ್ತರರ ಮುಖಕ್ಕೆ ಮಾತ್ರ ಕಣ್ಣಿರಲಿಲ್ಲ. ಆ ಜಾಗದಲ್ಲಿ ಎರಡು ಬೋಳು ಉಬ್ಬು.

ಕಾರಣ ಊರಿಗೆಲ್ಲ ಗೊತ್ತಿತ್ತು. ಎಪ್ಪತ್ತು ವರ್ಷದ ಹಿಂದೆ ಶಾಲೆಯ ಬೆಳ್ಳಿ ತಟ್ಟೆಯನ್ನು ಆಡಳಿತ ಮಂಡಳಿಯವರೊಬ್ಬರ ಮಗ ಕದ್ದ. ಆಗ ಹೆಡ್‌ಮಾಸ್ತರರಾಗಿದ್ದ ಮಹಾಬಳೇಶ್ವರ ಮಾಸ್ತರರು ಕಣ್ಣಾರೆ ಕಂಡರು; ಕೇಳಿದಾಗ 'ನಾ ನೋಡಿಲ್ಲ' ಅಂದರು. ದೊಡ್ಡ ಮನುಷ್ಯರು ನೋಡಿ, ಕಣ್ಣು ಬೇಕಾದಾಗ ತೆರೆಯುತ್ತವೆ. ಕಳ್ಳತನ ಬಡ ಡ್ರಾಯಿಂಗ್ ಮಾಸ್ತರ ಮುದಕಪ್ಪನ ತಲೆಗೆ ಬಂತು. ಆಗ ಈ ಪ್ರತಿಮೆ ಮಾಡುತ್ತಿದ್ದವನು ಅವನೇ. ಕೊನೆಯ ದಿನ ಅದರ ಟೊಳ್ಳಿನೊಳಗೆ ಸುಡುಗಾಡಿನ ಬೂದಿ, ಸೂಜಿ, ತನ್ನ ಕೂದಲು ತುಂಬಿ ಟೊಳ್ಳಿನ ಬಾಯಿ ಮೆತ್ತಿದ. "ಇದಕ್ಕ ಕಣ್ಣ ಬೇಕಾದವರು ತಮ್ಮ ಮನಿಯಿಂದ ತರಲಿ," ಅಂದು ಊರು ಬಿಟ್ಟ.

ರುದ್ರೇಶನಿಗೆ ಇದೆಲ್ಲ ಹುಚ್ಚಾಟ. ಶತಮಾನೋತ್ಸವಕ್ಕೆ ಎಂಟೇ ದಿನ ಉಳಿದಿತ್ತು. "ಕುರುಡ ಮೂರ್ತಿ ಇಟಗೊಂಡು ಹೆಂಗ ಮಂದಿ ಕರೀಲಿ? ನೀವು ಕಣ್ಣ ಕೊರೀರಿ. ನಿಮ್ಮ ನೌಕರಿ ಕಾಯಂ ಮಾಡೂದು ನನಗ ಬಿಡ್ರಿ," ಎಂದಿದ್ದರು ಹೆಡ್‌ಮಾಸ್ತರ ಅಂದಾನೆಪ್ಪ.

ಹಳೆಯ ಫೋಟೋಗಳಲ್ಲಿ ಮಾಸ್ತರರ ಕನ್ನಡಕ ಬಿಸಿಲಿಗೆ ಹೊಳೆದು ಕಣ್ಣೇ ಕಾಣುತ್ತಿರಲಿಲ್ಲ. ಕಣ್ಣನ್ನು ಜೀವಂತ ಮುಖ ನೋಡಿಯೇ ಕೊರೆಯಬೇಕೆಂದು ಕಲಿತವನು ರುದ್ರೇಶ. ಭಾನುವಾರ ಹೆಂಡತಿ ಸುನಂದಾಳನ್ನು ಕರೆತಂದು ಕಿಟಕಿಯ ಬೆಳಕಿಗೆ ಕೂರಿಸಿದ. ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುವವಳು, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಚುರುಕು ಕಣ್ಣು. ನಗುನಗುತ್ತಲೇ ಕೆಲಸ ಮುಗಿಯಿತು. ಉಳಿ ತಾಗಿದಾಗ ಒಳಗೆ ಸೂಜಿಗಳು ಕಿಣಿಕಿಣಿ ಎಂದದ್ದು ರುದ್ರೇಶನಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದುಕೊಂಡ.

ಮರುದಿನ ಸುನಂದಾ ಹೊಲಿಗೆ ಯಂತ್ರದ ಮುಂದೆ ಕುಳಿತು, "ರೀ, ಇನ್ನೂ ಬೆಳಕ ಹರಿದಿಲ್ಲೇನು?" ಅಂದಳು. ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು.

ಹುಬ್ಬಳ್ಳಿಯ ಡಾಕ್ಟರು ಕಣ್ಣಿನಲ್ಲಿ ದೋಷವೇ ಇಲ್ಲ ಅಂದರು. ಅವಳನ್ನು ಮನೆಯಲ್ಲಿ ಬಿಟ್ಟು ರುದ್ರೇಶ ಶಾಲೆಗೆ ಓಡಿದ. ಪ್ರತಿಮೆಯ ಕಣ್ಣು ಒದ್ದೆಯಾಗಿತ್ತು. ಒಡೆದು ಪುಡಿ ಮಾಡಬೇಕೆಂದು ಉಳಿ ಎತ್ತಿದ. ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ರೀ, ನೀವು ಕಾಣಾಕತ್ತೀರಿ ನನಗ," ಅಂದಳು ಸುನಂದಾ. "ನಿಮ್ಮ ಹಿಂದ ಗೋಡಿ ತುಂಬ ಮುದುಕರ ಚಿತ್ರ. ಕೈಯಾಗ ಉಳಿ ಐತಿ. ನನ್ನ ಕಣ್ಣಿಗೆ ಹೊಡೀಬ್ಯಾಡ್ರಿ."

ಫೋನು ಕೈಜಾರಿತು. ಇನ್ನು ಒಡೆಯುವಂತಿಲ್ಲ, ಬಿಡುವಂತಿಲ್ಲ. ಬಾಗಿಲಲ್ಲಿ ಮಾಲವ್ವ ನಿಂತಿದ್ದಳು.

"ಆ ಕಣ್ಣ ತಿರುಗಿ ಬರಬೇಕಂದ್ರ, ಅದರ ಜಾಗಾದಾಗ ಬ್ಯಾರೆಯವರ ಕಣ್ಣ ಇಡಬೇಕ್ರಿ ಸರ," ಅಂದಳು ಗೋಡೆಯ ಕಡೆ ತಿರುಗಿ.

ರುದ್ರೇಶ ಗೋಡೆಯ ಕನ್ನಡಿ ಕಿತ್ತು ತಂದು ಪ್ರತಿಮೆಗೆ ಆನಿಸಿದ. ತನ್ನ ಕಣ್ಣನ್ನೇ ನೋಡಿದ. ಸುನಂದಾಳ ಗೆರೆಗಳ ಮೇಲೆ ತನ್ನ ಗೆರೆ ಕೊರೆದ. ಒಂದು ಮುಗಿಯಿತು. ಎಡಗಡೆ ಕತ್ತಲು. ನಿಲ್ಲಿಸಲಿಲ್ಲ. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಸೂಜಿಗಳು ಕಿರುಗುಟ್ಟಿದವು. ಇನ್ನೊಂದು ಗೆರೆ. ಇನ್ನೊಂದೇ. ಕನ್ನಡಿ ಆರಿತು. ನೆಲದ ಮೇಲಿನ ಫೋನಿನಲ್ಲಿ ಸುನಂದಾ, "ಕಾಣತೈತ್ರಿ, ಮನಿ ಕಾಣತೈತಿ," ಎಂದು ಅಳುತ್ತಿದ್ದಳು.

ಆಮೇಲೆ ಅವನಿಗೆ ಕಂಡಿತು: ಕಟ್ಟೆಯ ಮೇಲಿನಿಂದ, ಕೆಳಗೆ ಮೊಣಕಾಲೂರಿ ನೆಲ ತಡವುತ್ತಿದ್ದ ತಾನು.

ಶತಮಾನೋತ್ಸವದ ಮರುದಿನ, ಡ್ರಾಯಿಂಗ್ ಮಾಸ್ತರ ಕುರುಡಾದ ವಿಚಾರಣೆಗೆ ಆಡಳಿತ ಮಂಡಳಿ ಅದೇ ಕೋಣೆಯಲ್ಲಿ ಕೂತಿತು. ಸುನಂದಾ ಗಂಡನನ್ನು ಕೈಹಿಡಿದು ಕರೆತಂದು ನಿಲ್ಲಿಸಿದಳು. ಪ್ರತಿಮೆಗೆ ಕೈ ಹಚ್ಚಲು ಹೇಳಿದ್ಯಾರು ಎಂದು ಕೇಳಿದರು.

"ನಾ ಹೇಳಿಲ್ಲ. ಅವರು ಕೊರೆಯೂದು ನಾ ನೋಡೂ ಇಲ್ಲ," ಅಂದರು ಅಂದಾನೆಪ್ಪ. ಹಾಗೆನ್ನುವಾಗ ಅವರು ಮೂಗಿನ ಬೆವರು ಒರೆಸಿಕೊಂಡದ್ದು ರುದ್ರೇಶನಿಗೆ ಸ್ಪಷ್ಟವಾಗಿ ಕಂಡಿತು. ಅವನಿಗೆ ಸಿಟ್ಟೂ ಬರಲಿಲ್ಲ. ಅವನು ನೋಡುತ್ತಿದ್ದದ್ದು ಹೆಂಡತಿಯನ್ನು.

"ಸುನಂದಾ, ಕುಂಕುಮ ಸೊಟ್ಟ ಹಚ್ಚೀ," ಅಂದ ಮೆಲ್ಲಗೆ.

ಅವಳು ಬೆಚ್ಚಿ ಹಣೆ ಮುಟ್ಟಿಕೊಂಡಳು. ಅಂದಾನೆಪ್ಪನವರ ಮುಖ ಬಿಳುಚಿತು. ಒಮ್ಮೆ ಕುರುಡನನ್ನು, ಒಮ್ಮೆ ಪ್ರತಿಮೆಯನ್ನು ನೋಡಿದರು.

"ಮಾಲವ್ವಾ, ಅದಕ್ಕ ಅರಬಿ ಕಟ್ಟು. ಬಿಗೀ ಕಟ್ಟು."

ಕರಿಬಟ್ಟೆ ಹಿಡಿದು ಮಾಲವ್ವ ಬರುವುದು ಅವನಿಗೆ ಕಂಡಿತು. "ಒಂದ ನಿಮಿಷ ತಡೀಬೇ," ಅಂದ. ಸುನಂದಾಳಿಗೆ ಅರ್ಥವಾಯಿತು. ಅವನ ಕೈ ಬಿಟ್ಟು ಪ್ರತಿಮೆಯ ಎದುರು ಬಂದು, ಕುಂಕುಮ ಸರಿಮಾಡಿಕೊಂಡು, ತಲೆಯೆತ್ತಿ ನಿಂತಳು. ಮಾಲವ್ವ ಆಗುವಷ್ಟು ತಡ ಮಾಡಿ, ಬಟ್ಟೆ ಬಿಗಿದಳು.