ಘಾಟಿಯ ನೆತ್ತಿಯಲ್ಲಿ ಬಿಚ್ಚಿದ ಎಂಜಿನ್

ಹಿಮ ಬಿದ್ದು ಘಾಟಿ ಮುಚ್ಚಲು ಹೆಚ್ಚೆಂದರೆ ಹತ್ತು ದಿನ ಉಳಿದಿತ್ತು. ಅಷ್ಟರೊಳಗೆ ಗ್ಯಾರೇಜಿನ ಮೇಸ್ತ್ರಿ ಕಾಡಿನ ಕಾಲುದಾರಿಯಲ್ಲಿ ಮೂರು ದಿನ ಬೆಟ್ಟ ಹತ್ತಬೇಕು, ನಡುದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಬೇಕು, ಅದರಲ್ಲಿದ್ದ ಹಿಟ್ಟು, ಸೀಮೆಎಣ್ಣೆಯನ್ನು ಆಚೆ ಬದಿಯ ನಲವತ್ತು ಮನೆಗಳಿಗೆ ಮುಟ್ಟಿಸಿ ಹಿಂದಿರುಗಬೇಕು. ಮುಚ್ಚಿದ ಘಾಟಿ ಮತ್ತೆ ತೆರೆಯುವುದು ಐದು ತಿಂಗಳ ಮೇಲೆ. ಆ ದಾರಿ ಏರುವ ಲಾರಿ ಅದೊಂದೇ.

ಲಾರಿ ಬಿಟ್ಟು ನಡೆದುಕೊಂಡೇ ಇಳಿದು ಬಂದ ಭಾವ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: “ನೀನು ಕಟ್ಟಿದ ಎಂಜಿನ್ನು. ನೀನೇ ಬಾ.”

ಆತ ಮೇಸ್ತ್ರಿಯ ಅಕ್ಕನ ಗಂಡ. ಅಕ್ಕ ಇದ್ದಾಗ ಇಬ್ಬರ ಮಾತೂ ಅವಳ ಅಡುಗೆಮನೆಯ ಮೂಲಕವೇ ಓಡಾಡುತ್ತಿತ್ತು. ಅವಳು ಹೋಗಿ ಎರಡು ವರ್ಷ. ಈಗ ಉಳಿದ ನಂಟು ಆ ಲಾರಿ ಮಾತ್ರ. ಅದರಲ್ಲೂ ಮೇಸ್ತ್ರಿಯ ಎದೆಯಲ್ಲಿ ಒಂದು ಮುಳ್ಳು ಇತ್ತು. ಹೋದ ವರ್ಷ ಹೊಸ ಬೋಲ್ಟು ಬರಲು ವಾರ ಹಿಡಿಯುತ್ತದೆಂದು, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಹಳೆಯ ಬೋಲ್ಟುಗಳನ್ನೇ ತೊಳೆದು ಬಿಗಿದಿದ್ದ. ಭಾವನಿಗೆ ಹೇಳಿರಲಿಲ್ಲ. ಒಮ್ಮೆ ಎಳೆದು ಸೋತ ಬೋಲ್ಟು ಏರಿನಲ್ಲಿ ಮತ್ತೆ ಸೋತಿತ್ತು. ಎಣ್ಣೆಗೆ ನೀರು ಸೇರಿ ಬೇರಿಂಗು, ಪಿಸ್ಟನ್ನು ಎಲ್ಲ ಹಾಳಾಗಿದ್ದವು.

ಈ ಸಲ ಮೂಲದಲ್ಲಿ ಇದ್ದದ್ದಕ್ಕಿಂತ ಗಟ್ಟಿ ಸಾಮಾನನ್ನೇ ಆರಿಸಿದ್ದ: ದಪ್ಪ ಗೋಡೆಯ ಲೈನರು, ಬಡಿದು ಮಾಡಿದ ಪಿಸ್ಟನ್ನು, ಹೆಡ್ಡಿನ ಕೆಳಗೆ ಸಂದು ಮುಚ್ಚಲು ಮೂರು ಪದರದ ಉಕ್ಕಿನ ಗ್ಯಾಸ್ಕೆಟ್ಟು. ಬೋಲ್ಟಿನ ಬದಲು ಹದಿನಾರು ಸ್ಟಡ್ಡು. ಒಂದು ತುದಿ ಎಂಜಿನ್ನಿನ ಒಡಲಾದ ಬ್ಲಾಕಿನ ತೂತಿನಲ್ಲಿ ತಿರುಗಿ ಕೂರುತ್ತದೆ, ಇನ್ನೊಂದರ ಮೇಲೆ ನಟ್ಟು.

ಸಾಮಾನು ಹೊತ್ತದ್ದು ಐದು ಹೇಸರಗತ್ತೆಗಳು. ಅವುಗಳ ಯಜಮಾನ ಬಾಯಿ ಮುಚ್ಚದ ಮನುಷ್ಯ.

“ಏನ್ ಮೇಸ್ತ್ರಿ, ಎಂಜಿನ್ನೇ ಕತ್ತೆ ಮೇಲೆ ಹೋಗೋದಾದ್ರೆ ಲಾರಿ ಯಾಕೆ ಬೇಕು ನಿಮಗೆ?”

“ನಿನ್ನ ಕತ್ತೆಗೆ ಹಾರ್ನ್ ಇಲ್ಲವಲ್ಲ.”

“ಅದಕ್ಕೇ ನಾನಿರೋದು.”

ಮುಂದೆ ನಡೆಯುತ್ತಿದ್ದ ಭಾವ ನಗಲಿಲ್ಲ, ತಿರುಗಿಯೂ ನೋಡಲಿಲ್ಲ.

ಎರಡನೆಯ ದಿನ ಹಳ್ಳ ಎದುರಾಯಿತು. ಸೊಂಟದುದ್ದ ನೀರು, ಪಾಚಿ ಕಟ್ಟಿದ ಬಂಡೆಗಳು.

ಕೊನೆಯ ಹೇಸರಗತ್ತೆ ಜಾರಿತು.

ಹಗ್ಗ ಸಡಿಲಿ ಸ್ಟಡ್ಡಿನ ಪೆಟ್ಟಿಗೆ ನೀರಿಗೆ ಬಿತ್ತು. ಮೇಸ್ತ್ರಿ ಹಿಂದುಮುಂದು ನೋಡದೆ ಧುಮುಕಿದ. ಸೆಳವು ಕಾಲು ಕಿತ್ತಿತು. ಪೆಟ್ಟಿಗೆಯ ಹಿಡಿ ಬೆರಳಿಗೆ ಸಿಕ್ಕಿತು, ತಲೆ ಬಂಡೆಗೆ ಬಡಿಯಿತು.

“ಪೆಟ್ಟಿಗೆ ಬಿಡು!” ಭಾವ ಕೂಗಿದ.

ಬಿಡಲಿಲ್ಲ. ಭಾವನೇ ಅವನ ಕೊರಳಪಟ್ಟಿ ಹಿಡಿದು ದಡಕ್ಕೆ ಎಳೆದು ಹಾಕಿದ.

ಮೂರನೆಯ ಸಂಜೆ ಲಾರಿ ಸಿಕ್ಕಿತು. ಬೆಳಗಾದ ಮೇಲೆ ಭಾವ ಮತ್ತು ಕತ್ತೆಯವನು ಹೇಸರಗತ್ತೆಗಳಿಗೆ ಹೊರಿಸಬಹುದಾದಷ್ಟು ಹಿಟ್ಟು ಹೊರಿಸಿ ಘಾಟಿಯಾಚೆಗೆ ಹೊರಟರು. ಭಾವನೊಬ್ಬನೇ ನಾಲ್ಕು ದಿನದಲ್ಲಿ ಹಿಂದಿರುಗುತ್ತಾನೆ. ಅಲ್ಲಿಯವರೆಗೆ ಮೇಸ್ತ್ರಿ ಮತ್ತು ಎಂಜಿನ್ನು.

ಅಂಥ ಮೌನವನ್ನು ಅವನು ಕಂಡಿರಲಿಲ್ಲ. ಕೆಳಗೆ ಕಪ್ಪು ಕಾಡು, ಮೇಲೆ ಬೋಳು ಬಂಡೆ, ನಡುವೆ ಬಳ್ಳಿಯಂತೆ ಅಂಟಿಕೊಂಡ ದಾರಿ. ಮಧ್ಯಾಹ್ನ ಒಂದು ಹದ್ದು ಬಂದು ಸುತ್ತು ಹಾಕಿ ಹೋಗುತ್ತಿತ್ತು. ಮೂರು ಮರದ ದಿಮ್ಮಿ ಕಟ್ಟಿ, ಚೈನ್ ಪುಲ್ಲಿಯಿಂದ ಹೆಡ್ಡು ಎತ್ತಿ, ಲಾರಿಯ ಕೆಳಗೆ ಅಂಗಾತ ಮಲಗಿ ಬೇರಿಂಗು ಬದಲಿಸುವಾಗ ಅವನು ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತಿದ್ದ: “ಹದಿನೇಳರ ಪಾನಾ ಕೊಡು.” ತಾನೇ ಎದ್ದು ತಂದುಕೊಳ್ಳುತ್ತಿದ್ದ. ಊರಿನ ಕೋಣೆಯಲ್ಲೂ ಒಬ್ಬನೇ ಇರುವುದು. ಆದರೆ ಅಲ್ಲಿ ಗೋಡೆಯಾಚೆ ಯಾರಾದರೂ ಕೆಮ್ಮುವುದಾದರೂ ಕೇಳುತ್ತಿತ್ತು.

ಸ್ಟಡ್ಡುಗಳು ಹಳ್ಳದ ನೀರು ಕುಡಿದಿದ್ದವು. ತುಕ್ಕು ಹಿಡಿದರೆ ಗತಿಯೇನು? ಒಂದೊಂದನ್ನೂ ಬೆಂಕಿಯ ಪಕ್ಕ ಒಣಗಿಸಿ ಎಣ್ಣೆಯಲ್ಲಿ ಅದ್ದಿದ. ಸಾಲದೆಂದು ಬ್ಲಾಕಿನ ಒಂದೊಂದು ತೂತಿಗೂ ಒಂದು ಚಮಚ ಎಣ್ಣೆ ಬಿಟ್ಟ. ಮಗುವಿನ ತಲೆಗೆ ಎಣ್ಣೆ ಇಟ್ಟಂತೆ ಇಟ್ಟ. ಬಿಗಿತ ಅಳೆಯುವ ಪಾನಾ ಹದಿನಾರು ಸಲವೂ ಬಿಗಿ ಸಾಕೆಂದು ಟಕ್ ಎಂದಿತು.

ಏಳನೆಯ ದಿನ ಸಂಜೆ ಭಾವ ಬಂದ. ಎಂಟನೆಯ ಬೆಳಗ್ಗೆ ಕೀಲಿ ತಿರುಗಿಸಿದ ಮೊದಲ ಸಲವೇ ಎಂಜಿನ್ ಹೊತ್ತಿಕೊಂಡಿತು. ಭಾವ ಕಿವಿಗೊಟ್ಟು ಕೇಳಿ, “ಪರವಾಗಿಲ್ಲ” ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ನೆತ್ತಿಗೆ ಇನ್ನೆರಡು ತಿರುವು ಇರುವಾಗ ಎಂಜಿನ್ನಿನ ಬಿಸಿ ತೋರುವ ಸೂಜಿ ಕೆಂಪಿಗೆ ಏರಿತು.

ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಎದ್ದಿತು.

ಭಾವ ಎಂಜಿನ್ ನಿಲ್ಲಿಸಿದ. ಮೇಸ್ತ್ರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬಡಗಣದ ಮೋಡ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾನೆಟ್ ಎತ್ತಿ ಒಂದು ನಟ್ಟಿಗೆ ಪಾನಾ ಹಾಕಿದ. ಎರಡು ಬೆರಳಿಗೇ ತಿರುಗಿತು. ಇನ್ನೊಂದೂ ಹಾಗೇ. ನಟ್ಟಿನ ಬುಡದಲ್ಲಿ ಜಿನುಗಿದ್ದ ಎಣ್ಣೆಯನ್ನು ಬೆರಳಿಂದ ಒರೆಸಿ ನೋಡಿದ.

ತೂತಿನ ತಳ ಮುಚ್ಚಿದೆ. ಬಿಟ್ಟ ಎಣ್ಣೆಗೆ ಹೋಗಲು ದಾರಿಯಿಲ್ಲ. ಸ್ಟಡ್ಡು ತಳ ಮುಟ್ಟದೆ ಎಣ್ಣೆಯ ಮೇಲೆ ನಿಂತಿತ್ತು. ಪಾನಾ ಟಕ್ ಎಂದದ್ದು ಎಣ್ಣೆಯ ಒತ್ತಡಕ್ಕೆ, ಕಬ್ಬಿಣದ ಹಿಡಿತಕ್ಕಲ್ಲ. ಬಿಸಿಗೆ ಎಣ್ಣೆ ಜಿನುಗಿ ಹಿಡಿತ ಸಡಿಲಾಗಿತ್ತು. ಗ್ಯಾರೇಜಿನಲ್ಲಾದರೆ ತೂತಿಗೆ ಮೊದಲು ಗಾಳಿ ಹೊಡೆದು ಒಣಗಿಸುವವನೇ ಅವನು.

“ಎತ್ತರಕ್ಕೆ ಹೀಗಾಯ್ತಾ?” ಭಾವ ಕೇಳಿದ.

ಹೂಂ ಅಂದುಬಿಡಬಹುದಿತ್ತು.

“ಅಲ್ಲ ಭಾವ. ನನ್ನಿಂದ ಆಯ್ತು. ತೂತಿಗೆ ಎಣ್ಣೆ ಜಾಸ್ತಿ ಬಿಟ್ಟೆ.” ಉಗುಳು ನುಂಗಿ ಮುಂದುವರಿದ. “ಹೋದ ವರ್ಷದ್ದೂ ನಂದೇ ತಪ್ಪು. ಹಳೇ ಬೋಲ್ಟೇ ಹಾಕಿದ್ದೆ. ನಿಮಗೆ ಹೇಳ್ಲಿಲ್ಲ.”

ಭಾವ ತಲೆಯೆತ್ತಿ ಮೋಡ ನೋಡಿದ.

“ಈಗ ಸರಿ ಹೋಗುತ್ತಾ?”

“ಗ್ಯಾಸ್ಕೆಟ್ ಇನ್ನೂ ಹರಿದಿಲ್ಲ. ಒಂದೊಂದೇ ಸ್ಟಡ್ ತೆಗೆದು ತೂತು ಒಣಗಿಸ್ಬೇಕು. ಎಂಜಿನ್ ಆರ್ಬೇಕು ಮೊದ್ಲು.”

“ಆರ್ಲಿ.” ಅಷ್ಟು ಹೇಳಿ ಭಾವ ದಾರಿಯ ಮೇಲಕ್ಕೆ ನಡೆದು, ಬೆನ್ನು ತಿರುಗಿಸಿ ಕೂತ.

ಎಂಜಿನ್ ಆರುವಷ್ಟರಲ್ಲಿ ಮೇಸ್ತ್ರಿ ತನ್ನ ಬನಿಯನ್ ಹರಿದು ತಂತಿಗೆ ಸುತ್ತಿಕೊಂಡ. ಒಂದು ಸ್ಟಡ್ಡು ತೆಗೆ, ಬತ್ತಿಯಂತೆ ಬಟ್ಟೆ ಇಳಿಸಿ ಎಣ್ಣೆ ಹೀರು, ಮತ್ತೆ ಕೂರಿಸು, ಬಿಗಿ. ಐದನೆಯದಕ್ಕೆ ಬೆರಳು ಮರಗಟ್ಟಿತು. ಒಂಬತ್ತನೆಯದಕ್ಕೆ ಮೊದಲ ಹಿಮದ ಎಳೆ ಪಾನಾದ ಮೇಲೆ ಬಿದ್ದು ಕರಗಿತು. ಆಗ ಪಕ್ಕದಲ್ಲಿ ಉಸಿರು ಕೇಳಿಸಿತು. ಭಾವ ಟಾರ್ಪಾಲು ತಂದು ಬ್ಲಾಕಿನ ಮೇಲೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಹತ್ತನೇದು ಇನ್ನೊಂದ್ಸಲ ಒರೆಸು,” ಎಂದ. “ಹೊಳೀತಿದೆ ಇನ್ನೂ.”

ಒರೆಸಿದ. ಹದಿನಾರೂ ಆಯಿತು.

ಲಾರಿ ಹಿಮದಲ್ಲೇ ನೆತ್ತಿ ದಾಟಿತು. ಸೂಜಿ ನಡುವಿನಿಂದ ಅಲುಗಲಿಲ್ಲ. ಮರುದಿನ ನಲವತ್ತು ಮನೆಯವರೂ ಬಂದು ಮೂಟೆ ಇಳಿಸಿಕೊಂಡರು. ಮುದುಕಿಯೊಬ್ಬಳು ಸೀಮೆಎಣ್ಣೆ ಡಬ್ಬ ಅಲ್ಲಾಡಿಸಿ ಶಬ್ದ ಕೇಳಿಯೇ ಒಳಗೆ ಹೋದಳು. ಹತ್ತನೆಯ ದಿನ, ಮೊಣಕಾಲುದ್ದದ ಹಿಮ ಸೀಳಿಕೊಂಡು ಲಾರಿ ವಾಪಸ್ಸು ಇಳಿಯಿತು. ಹಿಂದೆ ಅದರ ಗಾಲಿಯ ಗುರುತು ಮುಚ್ಚಿಹೋಗುತ್ತಿತ್ತು.

ಗ್ಯಾರೇಜಿನ ಮುಂದೆ ಮೇಸ್ತ್ರಿ ಇಳಿದು ಸಾಮಾನಿನ ಚೀಲ ಹೆಗಲಿಗೇರಿಸಿದ. ಬೀಗ ಹಾಕಿದ ಬಾಗಿಲು ಹೋದಾಗ ಇದ್ದಂತೆಯೇ ಇತ್ತು.

“ಲೋ,” ಭಾವ ಸ್ಟಿಯರಿಂಗ್ ಬಿಡದೆ ಕರೆದ. “ಗೇರ್‌ಬಾಕ್ಸು ಇಳಿಜಾರಲ್ಲಿ ಕುಯ್ಯೋ ಅಂತ ಸದ್ದು ಮಾಡ್ತಿದೆ. ಬೇಸಿಗೆಗೆ ಮುಂಚೆ ಬಿಚ್ಚಿ ನೋಡ್ಬೇಕು.”

“ಬೇರಿಂಗ್ ಬರೋದು ತಡ ಆಗುತ್ತೆ ಭಾವ. ಎರಡು ವಾರ.”

“ಆಗ್ಲಿ. ಬರೋವರೆಗೂ ಕಾಯೋಣ,” ಎಂದು ಭಾವ ಎಂಜಿನ್ ಆಫ್ ಮಾಡಿ ಕೆಳಗಿಳಿದ. “ಬಾಗಿಲು ತೆಗಿ. ಒಳಗೆ ಒಲೆ ಏನಾದ್ರೂ ಇದೆಯಾ?”